ಕಾಕು ಹೇಳಿದ ಸಾಕ್ಷಿ

ಮೊನ್ನೆ ಹಾಸಿಗೆಗೆ ಹಾಸಲು ಹೊಸ ಚಾದರದ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ...

ಸೊಲ್ಲಾಪುರದಲ್ಲಿ ನಮ್ಮ ವಿಮಾ ಕಚೇರಿಯ ಕೆಳಗೇ ಕಾಕುವಿನ ಚಾದರದ ಅಂಗಡಿ ಇತ್ತು. ನಾವೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ರಾಶಿ ಚಾದರ ಬಿಚ್ಚಿಸಿ ಏನೂ ಕೊಳ್ಳದೆ ಏಳುವ ಗಿರಾಕಿಗೂ ಮುಖ ಸಿಂಡರಿಸುತ್ತಿರಲಿಲ್ಲ. "ಇವತ್ತ ಬರೇ ನೋಡ್ರಿ. ಥಂಡಿ ಬಿದ್ದ ಮ್ಯಾಲ ಒಯ್ಯಾಕ ಬರ್ರಿ" ಎನ್ನುವರು.

ಆ ಅಂಗಡಿ ತನಗೇ ಸೇರಬೇಕೆಂದು ಅವರ ಮೈದುನನ ಹಟ. ಒಂದು ಸಂಜೆ ಷಟರ್ ಎಳೆಯುವ ಹೊತ್ತಿಗೆ ಬಂದವನು ಕಾಕುವಿನ ಕುತ್ತಿಗೆ ಹಿಚುಕಿದ. ಪಕ್ಕದ ಅಂಗಡಿಯವರು ಓಡಿ ಬಂದು ಬಿಡಿಸಿದರು, ಜೀವ ಉಳಿಯಿತು. ಮರುದಿನ ನಾನು ಆಸ್ಪತ್ರೆಗೆ ಹೋದಾಗ ಕೊರಳಿನ ಮೇಲೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. "ಮನಿ ಮಾತು, ಮನ್ಯಾಗ ಮುಗಸೂಣು" ಎಂದು ಗಂಡನ ಕಡೆಯವರು ಗಂಟುಬಿದ್ದರು. ಕಾಕು ಒಪ್ಪಲಿಲ್ಲ, ದೂರು ಕೊಟ್ಟರು.

ಪೊಲೀಸರು ಅವನನ್ನು ಹಿಡಿದರು. ಕಾಕು ಮತ್ತೆ ಅಂಗಡಿ ತೆರೆದರು. ಕೆಲವು ವಾರ ಕಳೆದಿರಬೇಕು... ಒಂದು ಬೆಳಿಗ್ಗೆ ತಲೆ ಎತ್ತಿದರೆ ಅವನು ಎದುರಿನ ಚಹಾ ಗಾಡಿಯ ಬಳಿ ನಿಂತು ಇವರನ್ನೇ ನೋಡುತ್ತಿದ್ದ. ಜಾಮೀನು ಸಿಕ್ಕಿತ್ತು. ಕಾಕುವಿಗೆ ಯಾರೂ ತಿಳಿಸಿರಲಿಲ್ಲ.

ಯಾಕೆ ತಿಳಿಸಲಿಲ್ಲವೆಂದು ಕೇಳಲು ಅವರ ಜೊತೆ ನಾನೂ ಠಾಣೆಗೆ ಹೋದೆ. ಅಲ್ಲಿದ್ದ ಹವಾಲ್ದಾರ ಒರಟನೇನಲ್ಲ, ಕೂರಿಸಿ ನೀರು ಕೊಟ್ಟ. "ಮಾವಶಿ, ಕೇಸ್ ಸರಕಾರದ್ದು ಆಗ್ತದ. ನೀವು ಬರೇ ಸಾಕ್ಷಿದಾರ್ರು" ಎಂದ.

"ಕುತ್ತಿಗಿ ನಂದಲ್ಲೇನಪಾ?" ಎಂದರು ಕಾಕು.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಮೇಲೆ ಮೈದುನನೂ ಅವನ ಕಡೆಯವರೂ ಕುಳಿತಿದ್ದರು. ಹೆಸರು ಕೂಗುವ ತನಕ ಕಾಕು ನನ್ನ ತೋಳು ಹಿಡಿದು ಗೋಡೆಗೊರಗಿ ನಿಂತೇ ಇದ್ದರು. ಸರಕಾರಿ ವಕೀಲರು ಅವರನ್ನು ನೋಡಿದ್ದೇ ಅಂದು ಮೊದಲು. ದಿನವಿಡೀ ಗಿರಾಕಿಗಳೊಡನೆ ಸರಾಗವಾಗಿ ಮರಾಠಿ ಆಡುತ್ತಿದ್ದ ಕಾಕುವಿಗೆ, ಅವನನ್ನು ಎದುರಿಗೆ ಕಂಡ ಕೂಡಲೇ ಕನ್ನಡ ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಕನ್ನಡ ಬಲ್ಲ ಗುಮಾಸ್ತರೊಬ್ಬರು ಅದನ್ನು ಮರಾಠಿಯಲ್ಲಿ ಹೇಳುತ್ತ ಹೋದರು. ಕುತ್ತಿಗೆ ಹಿಚುಕಿದ ಎಂದು ಕಾಕು ಹೇಳಿದ್ದು ಅವರ ಬಾಯಲ್ಲಿ ದೂಡಿದ ಎಂದಾಯಿತು. ಕಾಕು ಕಟಕಟೆಯನ್ನು ಬಿಗಿಯಾಗಿ ಹಿಡಿದರು.

"ದೂಡಿಲ್ಲ ಸಾಹೇಬ್ರ. ಹಿಚಕ್ಯಾನ. ನಾ ಹೇಳಿದಂಗ ಬರೀರಿ."

ನ್ಯಾಯಾಧೀಶರು ಮತ್ತೊಮ್ಮೆ ಕೇಳಿ ಆ ಮಾತನ್ನು ತಿದ್ದಿಸಿದರು.

ಅವನಿಗೆ ಶಿಕ್ಷೆಯಾಯಿತು. ಅದನ್ನು ಕಾಕುವಿಗೆ ತಿಳಿಸಿದ್ದು ಅಂಗಡಿಗೆ ಬಂದ ಒಬ್ಬ ಗಿರಾಕಿ. ಮೇಲ್ಮನವಿ ಹಾಕಿ ಅವನು ಮತ್ತೆ ಹೊರಬಂದಾಗ ಹಾಗೆ ಹೇಳುವವರೂ ಇರಲಿಲ್ಲ. ಕಣ್ಣಾರೆ ಕಂಡೇ ತಿಳಿಯಬೇಕಾಯಿತು. ಕಾಕು ಅಂಗಡಿ ಮುಚ್ಚಿ ಅಕ್ಕಲಕೋಟೆಯ ತಂಗಿಯ ಮನೆ ಸೇರಿದರು. ಒಮ್ಮೆ ನೋಡಲು ಹೋಗಿದ್ದೆ. ಕದ ತಟ್ಟಿದರೆ ಒಳಗಿನಿಂದ ಯಾರು, ಯಾರು ಎಂದು ಕೇಳಿ, ಕಿಟಕಿಯಲ್ಲಿ ಇಣುಕಿ, ಆಮೇಲೆ ತೆರೆದರು. "ಹೀಂಗ ಆಗೇದ ನೋಡವಾ ನನ್ನ ಬಾಳೇ" ಎಂದು ನಕ್ಕರು. ಆ ನಗು...

ಹೋದ ವರ್ಷ ಕಾಕು ತೀರಿಕೊಂಡರು. ಮೇಲ್ಮನವಿ ಇನ್ನೂ ನಡೆದಿದೆಯಂತೆ. ಅವರಿಲ್ಲ ಎಂಬುದನ್ನು ಕೋರ್ಟಿಗೆ ತಿಳಿಸಬೇಕಲ್ಲವೇ ಎಂದು ಪರಿಚಯದ ವಕೀಲರೊಬ್ಬರನ್ನು ಕೇಳಿದೆ.

"ಜರೂರ್ ಇಲ್ರಿ. ಅವರ ಸಾಕ್ಷಿ ಆಗಿ ಹೋಗೇದಲ್ಲ" ಎಂದರು.

ಕಾನೂನಿನ ಪ್ರಕಾರ ಅದು ಸರಿಯೇ ಇರಬೇಕು. ಆದರೂ ಯಾರಿಗಾದರೂ ತಿಳಿಸಲೇಬೇಕು ಅನ್ನಿಸುತ್ತದೆ ನನಗೆ.