ಪಾಲಿಹೌಸಿನ ಬಾಗಿಲಲ್ಲೇ ನಿಂತ ಹಮೀದಾಕ

ನಮ್ಮ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನೊಳಗೆ ಒಂದು ಕಾಲಿಟ್ಟ ಹಮೀದಾಕ ಸೌತೆ ಬಳ್ಳಿಗಳನ್ನು ನೋಡಿದ್ದೇ ಕಾಲನ್ನು ಹಿಂದಕ್ಕೆ ತೆಗೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಮ್ಮ ತರಕಾರಿ ಕೊಳ್ಳುವ ಬೆಳ್ಳಾರೆಯ ವ್ಯಾಪಾರಿ ಅವರು; ಹೆಸರಿನ ಕೊನೆಯ ‘ಆಕ’ ಎಂದರೆ ಅಣ್ಣ. ನಾನು ಒಳಗೆ ಕತ್ತರಿ ಹಿಡಿದು ಬಳ್ಳಿಗಳ ಕವಲು ಕತ್ತರಿಸುತ್ತಿದ್ದೆ.

“ಅಕ್ಕ, ಆ ಕತ್ತರಿ ಕೆಳಗೆ ಇಡಿ. ಇನ್ನು ಒಂದು ಬಳ್ಳಿಯನ್ನೂ ಮುಟ್ಟಬೇಡಿ.”

ಎಲೆಗಳ ಮೇಲೆ ಹಳದಿ ಮಚ್ಚೆಗಳಿದ್ದವು. ಗೊಬ್ಬರ ಸಾಲದೆ ಹಾಗಾಗಿದೆ ಎಂದೆ.

“ಇದು ವೈರಸ್ ಮಾರಾಯ್ರೆ. ಕೈಯಿಂದ, ಕತ್ತರಿಯಿಂದ ಹರಡುದು. ಸೌದಿಯಲ್ಲಿ ಒಂಬತ್ತು ವರ್ಷ ಸೌತೆ ಬೆಳೆಸಿದವ ನಾನು. ಇದೇ ರೋಗ ಬಂದು ಮೂರು ಪಾಲಿಹೌಸಿನ ಬಳ್ಳಿ ಪೂರಾ ಕಿತ್ತು ಸುಟ್ಟದ್ದುಂಟು.”

ಎಲೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ಹಮೀದಾಕ ಹೇಳಿದ್ದನ್ನೇ ವರದಿಯೂ ಹೇಳಿತು, ಹೆಸರು ಮಾತ್ರ ಬಹಳ ಉದ್ದವಿತ್ತು. ವರದಿ ಬರುವುದರೊಳಗೆ ನಾನು ಅವರ ಮಾತು ನಂಬಿ, ಮಚ್ಚೆ ಬಿದ್ದಿದ್ದ, ಕಾಯಿ ತುಂಬಿದ್ದ ಎರಡು ಸಾಲನ್ನು ಅಳುತ್ತಲೇ ಕಿತ್ತು ಸುಟ್ಟಿದ್ದೆ. ಉಳಿದ ಆರು ಸಾಲು ಬದುಕಿದವು.

ಹಮೀದಾಕ ಗಲ್ಫಿನಲ್ಲಿದ್ದವರೆಂದು ನನಗೆ ಗೊತ್ತಿತ್ತು. ಅಲ್ಲಿ ಅಂಗಡಿ ಇಟ್ಟಿರಬೇಕೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಐದು ವರ್ಷ ಅವರಿಗೆ ಸೌತೆ ಮಾರಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ.