ನಂಬರ್ ಪುಟ್ಟಬಸಪ್ಪನವರು
ತಾಳವಾಡಿ ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ ಕೂತು, ಹೋಗಿಬರುವ ಕಾರು ಲಾರಿಗಳ ನಂಬರನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವವರು ನಮ್ಮ ಪುಟ್ಟಬಸಪ್ಪನವರು. ಕಾರು ಗುದ್ದಿ ಯಾರಾದರೂ ಬಿದ್ದರೆ, ನೀರು ತರುವವರಿಗಿಂತ ಮೊದಲು ಪೆನ್ಸಿಲ್ ಹಿಡಿದು ಇವರು ಹಾಜರು. ಎಲ್ಲಿ ನೋವು ಎಂದು ಕೇಳುವುದಿಲ್ಲ, "ನಂಬರ್ ನೋಡ್ಕಂಡ್ಯೇನ್ಲಾ? ಅದಿಲ್ದಿದ್ರೆ ಇನ್ಶೂರೆನ್ಸ್‌ನೋರು ಅರ್ಜಿನೇ ಮುಟ್ಟಲ್ಲ ಕಣ" ಎನ್ನುತ್ತಾರೆ. ಪರಿಹಾರ ಕೇಳಲು ಈರೋಡಿನ ಇನ್ಶೂರೆನ್ಸ್ ಆಫೀಸಿಗೆ ಇವರು ಕಾಲಿಟ್ಟರೆ ಗುಮಾಸ್ತನಿಗೆ ಹತ್ತು ಗಂಟೆಗೇ ಊಟದ ಹೊತ್ತಾಗುತ್ತದೆ. ಆ ಕಾರಿನಿಂದಲೇ ಕಾಲು ಮುರಿದದ್ದಕ್ಕೆ ಸಾಕ್ಷಿ ಏನು ಎಂದು ಅವನು ತಮಿಳಿನಲ್ಲಿ ಗದರಿದರೆ, ಕಾಲು ಮುರಿದವನನ್ನೇ ಅವನ ಮೇಜಿನ ಮುಂದೆ ಕೂರಿಸಿ, "ಚೆಕ್ಕು ಬರೋಗಂಟ ಏಳ್‌ಬ್ಯಾಡ ಕಣ್ಲಾ" ಎಂದು ಬುತ್ತಿ ಬಿಚ್ಚುತ್ತಾರೆ. ಗುದ್ದಿದವನು ದೇವರ ಆಣೆ ಇಟ್ಟರಂತೂ ಕೆರಳುತ್ತಾರೆ: "ಆಣೆ ನೀನೇ ಮಡಿಕ. ನಂಬರ್ ಬರ್ಕತೀನಿ, ನಿಂತ್ಕ." ನಾವು ನಗುತ್ತೇವೆ. ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಾತ್ರ ನಂಬರಿಲ್ಲ. ಎಪ್ಪತ್ತನಾಲ್ಕರ ಒಂದು ತಾರೀಖು, ತೀರಿಹೋದ ಹೆಂಡತಿ ಚನ್ನಮಲ್ಲಮ್ಮನ ಹೆಸರು, ಅಷ್ಟೇ. ಅಂದು ಆಕೆಗೆ ಗುದ್ದಿದ ಕಾರಿನವನು "ಬೆಳಿಗ್ಗೆ ಬಂದೇ ಬರ್ತೀನಿ, ಮಾದಪ್ಪನಾಣೆ" ಎಂದಾಗ, ಮಾದಪ್ಪನ ಹೆಸರಿಗೆ ಕೈಮುಗಿದು ದಾರಿ ಬಿಟ್ಟವರು ಇದೇ ಪುಟ್ಟಬಸಪ್ಪನವರು.