ಗ್ರಾಫೀನಿನ ಮೇಲೆ ನಮ್ಮೂರ ನೀರು

ನಮ್ಮ ಕಡೆಯ ನೀರು ಅಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿ ಸಂಶೋಧನೆ ಮಾಡುವವಳು ನಾನು. ನಾನು ಮಾಡುವ ಚಿಪ್ ಉಗುರಿಗಿಂತ ಚಿಕ್ಕದು. ಅದರ ಮೇಲೆ ಗ್ರಾಫೀನ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ್ದೇ ಒಂದೇ ಒಂದು ಪದರ, ಕಣ್ಣಿಗೆ ಕಾಣದಷ್ಟು ಸಣ್ಣ ಪಟ್ಟಿಗಳಾಗಿ ಕೂತಿರುತ್ತದೆ. ಕೊಡುವ ವೋಲ್ಟೇಜ್ ಬದಲಿಸಿದರೆ ಅದು ಹೀರುವ ಬೆಳಕೂ ಬದಲಾಗುತ್ತದೆ, ರೇಡಿಯೊ ತಿರುಗಿಸಿ ಸ್ಟೇಷನ್ ಹಿಡಿದ ಹಾಗೆ. ನೀರಿನ ಹನಿಯೊಂದನ್ನು ಅದರ ಮೇಲೆ ಒಣಗಿಸಿದರೆ ಉಳಿದದ್ದು ಏನೆಂದು ಆ ಬೆಳಕಿನಿಂದ ತಿಳಿಯುತ್ತದೆ.

ನನಗೆ ಬೇಕಾಗಿದ್ದದ್ದು ಒಂದೇ. ಆ ಚಿಪ್ ಮೊದಲು ನಮ್ಮ ಪಕ್ಕದ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ನೀರನ್ನು ನೋಡಬೇಕು. ಗಣಿ ಮುಚ್ಚಿದರೂ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ ಅಲ್ಲೇ ಇದೆ. ಗಾಳಿ ಎದ್ದರೆ ಗಣಿ ಕಾರ್ಮಿಕರ ಸಾಲು ಸಾಲು ಲೈನ್ ಮನೆಗಳ ಅನ್ನದ ತಟ್ಟೆಗೂ ಧೂಳು ಬೀಳುತ್ತದೆ. ಕೈಪಂಪಿನ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವ ಹಕ್ಕು ಆ ಜನಕ್ಕಿಲ್ಲವೇ?

ಪ್ರಯೋಗಾಲಯದಲ್ಲಿ ಶುಚಿ ಮಾಡಿದ ನಾಲ್ಕು ಬಾಟಲಿ ತಂದು ಮನೆಯಲ್ಲಿಟ್ಟೆ. ಭಾನುವಾರ ಹೋಗಿ ನೀರು ತುಂಬಿಸಿಕೊಂಡು ಬಂದೆ. ಸೋಮವಾರ ಅಳೆದರೆ, ಗ್ರಾಫಿನಲ್ಲಿ ಇರಲೇಬಾರದ ಕಡೆ ದೊಡ್ಡ ಶಿಖರ. ನನ್ನ ಗೈಡ್ ಪರದೆ ನೋಡಿ ನಕ್ಕರು.

"ನಿಮ್ಮೂರ ನೀರಲ್ಲಿ ಏನೇನು ಕಸ ಇದೆಯೋ. ಅದನ್ನ ಬಿಡಿ. ಶುದ್ಧ ನೀರಿಗೆ ಹುಡುಕೋ ವಿಷಾನ ನೀವೇ ಬೆರೆಸಿಕೊಂಡು ಅಳೀರಿ, ಥೀಸಿಸ್ ಬೇಗ ಮುಗಿಯುತ್ತೆ."

ಮನೆಗೆ ಬಂದು ಅಮ್ಮನ ಮುಂದೆ ಗೋಳು ತೋಡಿಕೊಂಡೆ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು ಅವಳು.

"ಆ ಬಾಟ್ಲಿಗಳ್ನ ನಾನು ಚೆನ್ನಾಗಿ ತೊಳ್ದೇ ಇಟ್ಟಿದ್ನಲ್ಲ" ಎಂದಳು.

"ಯಾವುದರಲ್ಲಿ ತೊಳೆದೆ?"

"ಆಲಿನ ಕ್ಯಾನ್ ತೊಳ್ಯೋ ಅಂಗೆ, ಉಣ್ಸೆಣ್ಣು ಆಕಿ. ತೊಳೀದೆ ತಕ್ಕೊಂಡೋದ್ರೆ ಡೈರಿನಾಗೆ ನಾಲ್ಕು ಜನದ ಮುಂದೆ ಮಾನ ಓಗುತ್ತೆ ಕಣೇ."

ನಾನು ಕೂಗಾಡಿದೆ. ಅವಳು ಜಗ್ಗಲಿಲ್ಲ. "ಉಣ್ಸೆಣ್ಣು ಇತ್ತು, ನಿನ್ ಯಂತ್ರ ಇದೆ ಅಂತು. ಅದ್ರಾಗೆ ತಪ್ಪೇನು?"

ಮರುದಿನ ಹುಣಸೆರಸವನ್ನೇ ಚಿಪ್ ಮೇಲೆ ಒಣಗಿಸಿ ಅಳೆದೆ. ಅದೇ ಜಾಗ, ಅದೇ ಶಿಖರ. ನಾನು ಹುಡುಕದೇ ಇದ್ದದ್ದನ್ನೂ ಚಿಪ್ ಹಿಡಿದಿತ್ತು. ಎಷ್ಟು ಹೆಮ್ಮೆಯಾಯಿತೆಂದರೆ, ಕ್ಯಾಂಟೀನಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎರಡೂ ಗ್ರಾಫನ್ನು ಗೈಡ್ ಮುಂದಿಟ್ಟೆ. ಒಂದರ ಮೇಲೊಂದು ಇಟ್ಟು ನೋಡಿದರು.

"ಸರಿ, ಮತ್ತೆ ನೀರು ತನ್ನಿ. ಆದ್ರೆ ಊರಿನ ಹೆಸರು ಬೇಡ, ಸುಮ್ಮನೆ ತಲೆನೋವು. ಮಾದರಿ ಒಂದು, ಎರಡು ಅಂತ ಹಾಕಿ."

"ಹೆಸರು ಹಾಕ್ತೀನಿ ಸರ್. ವಿಷ ಇದ್ರೂ ಹಾಕ್ತೀನಿ, ಇಲ್ಲದಿದ್ರೂ ಹಾಕ್ತೀನಿ."

"ಡಿಗ್ರಿ ತಡ ಆಗಬಹುದು."

"ಆಗ್ಲಿ ಸರ್."

ಮುಂದಿನ ಭಾನುವಾರ ಅಮ್ಮನೂ ಜೊತೆಗೆ ಬಂದಳು. ಅವಳು ಪಂಪು ಹೊಡೆದಳು, ನಾನು ಅದೇ ನೀರಿನಲ್ಲಿ ಬಾಟಲಿಗಳನ್ನು ಮೂರು ಮೂರು ಸಲ ಜಾಲಿಸಿ ತುಂಬಿದೆ. ಬಿಂದಿಗೆ ಹಿಡಿದು ಕಾಯುತ್ತಿದ್ದ ಲೈನ್ ಮನೆಯ ಹೆಂಗಸೊಬ್ಬಳು ತಮಿಳು ಬೆರೆಸಿ ಕೇಳಿದಳು, "ಎನ್ನಮ್ಮಾ, ಗೊತ್ತಾಗೋಕೆ ಎಷ್ಟು ದಿನ ಆಗ್ತದೆ?"

"ಹದಿನೈದು ದಿನ."

"ಅಲ್ಲೀತನಕ ಇದ್ನೇ ಕುಡೀಬೇಕಲ್ಲಮ್ಮ" ಎಂದು ಬಿಂದಿಗೆಯನ್ನು ಪಂಪಿನ ಕೆಳಗಿಟ್ಟಳು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತು, ನಾಲ್ಕೂ ಬಾಟಲಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದೆ: ಚಾಂಪಿಯನ್ ರೀಫ್ಸ್.